ಬೆನ್ನೊಳಗೆ ಸೇರಿದ ಹಾಳೆ

ಆ ಪುಸ್ತಕ ನನ್ನ ಕೈಗೆ ಬಂದಾಗ ಅದರ ಮೊದಲ ಹಾಳೆ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆರು ದಿನ ಕಳೆದ ಮೇಲೆ, ಪುಸ್ತಕದ ಒಡತಿಯ ಮುಖ ನೋಡಿಕೊಂಡೇ, ಆ ಹಾಳೆ ಇರಲೇ ಇಲ್ಲ ಎಂದು ಹೇಳಿದವನು ನಾನು.

ಎಂಬತ್ತರ ದಶಕದ ಮೊದಲ ವರ್ಷಗಳು. ದಾವಣಗೆರೆಯಲ್ಲಿ ನನ್ನದು ಬೈಂಡಿಂಗ್ ಕೆಲಸ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ: ಒಂದು ತಿರುಗಣೆ ಪ್ರೆಸ್ಸು, ಒಂದು ಕಟಿಂಗ್ ಮಷೀನು, ಸರೇಸು ಎಂಬ ಅಂಟು ಕಾಯಿಸುವ ಸೀಮೆಎಣ್ಣೆ ಒಲೆ. ಹೊಲಿಗೆ ಮಾತ್ರ ನನ್ನ ಹೆಂಡತಿಯದು. ಒಳಮನೆಯಲ್ಲಿ ಗೋಡೆಗೆ ಒರಗಿ ಕೂತು ಪುಸ್ತಕದ ಫಾರಂಗಳನ್ನು, ಅಂದರೆ ಮಡಿಚಿದ ಹಾಳೆಗಳ ಕಂತೆಗಳನ್ನು, ಒಂದೊಂದಾಗಿ ದಾರಕ್ಕೆ ಏರಿಸುತ್ತಿದ್ದಳು. ಅವಳ ಹೊಲಿಗೆ ಬಿಗಿ, ಮಾತೂ ಬಿಗಿ. ಮನೆಯಲ್ಲಿ ನಾವಾಡುವುದು ಉರ್ದು. ಅವಳ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಅದು ನನ್ನ ಅನುಕೂಲಕ್ಕೆ.

ಆ ಬೇಸಿಗೆಯಲ್ಲಿ ಹರಿಹರದ ಒಂದು ವಾಚನಾಲಯದಿಂದ ಎಪ್ಪತ್ತೆರಡು ಪುಸ್ತಕಗಳ ಲಾಟ್ ಬಂದಿತ್ತು. ಕೈಯಿಂದ ಕೈಗೆ ಹೋಗಿ ಹೊಲಿಗೆ ಸಡಿಲವಾದ, ಬೆನ್ನು ಮುರಿದ ಕಾದಂಬರಿಗಳು. ಬುಧವಾರದೊಳಗೆ ಮುಗಿಸಿ ಮುಟ್ಟಿಸಬೇಕಿತ್ತು. ಅಂಥ ತರಾತುರಿಯಲ್ಲಿ, ಒಂದು ಶುಕ್ರವಾರ, ನಾನು ನಮಾಜಿಗೆ ಹೊರಡುವ ಹೊತ್ತಿಗೆ ಊರಿನದೇ ಭಾಗವಾದ ಆನೆಕೊಂಡದ ಒಬ್ಬ ಅಕ್ಕ ಬಂದಳು. ಕಾಟನ್ ಮಿಲ್ಲಿನಲ್ಲಿ ನೂಲು ಸುತ್ತುವ ವೈಂಡಿಂಗ್ ಖಾತೆಯಲ್ಲಿ ದುಡಿಯುವ ಹೆಂಗಸು, ನಲವತ್ತೈದರ ಆಸುಪಾಸು. ಪಾಳಿ ಮುಗಿಸಿ ನೇರವಾಗಿ ಬಂದಿದ್ದಳೆಂದು ಕಾಣುತ್ತದೆ, ಕೂದಲ ತುಂಬ ಹತ್ತಿಯ ಎಳೆಗಳಿದ್ದವು. ಸೆರಗಿನೊಳಗಿಂದ ಒಂದು ಪುಸ್ತಕ ತೆಗೆದಳು. ರಟ್ಟು ಬೇರೆ, ಹಾಳೆ ಬೇರೆ, ನಡುವೆ ಕಟ್ಟಿದ ಸೆಣಬಿನ ದಾರ.

"ಅಣ್ಣಾರ, ಇದನ್ನ ಗಟ್ಟಿ ಮಾಡಿ ಕೊಡ್ರಿ. ಮುಂದಿನ ವಾರ ಐತವಾರ ಇದನ್ನ ಬರೆದೋರು ಊರಿಗೆ ಬರ್ತಾರಂತೆ, ಕಾಲೇಜಿನಾಗ ಭಾಷಣ ಐತಂತೆ. ತಗಂಡು ಹೋಗಿ ತೋರಿಸ್ಬೇಕು."

"ಅವರಿಗ್ಯಾಕ ತೋರಿಸ್ತೀರಿ? ಅವರೇ ಬರೆದಿದ್ದಲ್ಲೇನು?"

"ಪೂರ್ತಿ ಓದಿ ಮುಗಿಸೀನಿ ಅಂತ ಹೇಳಬೇಕ್ರಿ. ಮೂರು ವರ್ಷ ಹಿಡೀತು." ಹೇಳುವಾಗ ಅವಳಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಬಾಗಿಲ ತನಕ ಹೋಗಿ ತಿರುಗಿ ನಿಂತಳು. "ಒಂದು ಹಾಳೆನೂ ಹೋಗಬಾರ್ದ್ರಿ ಮತ್ತೆ."

"ನಮ್ಮಪ್ಪನ ಕಾಲದಿಂದ ಈ ಕೋಣೆಯಾಗ ಒಂದಕ್ಷರ ಕಳೆದಿಲ್ಲ. ಆರಾಮ ಹೋಗ್ರಿ ಅಕ್ಕ," ಎಂದೆ. ದೊಡ್ಡ ಮಾತು ಆಡುವುದಕ್ಕೆ ನನಗೆ ಯಾವತ್ತೂ ಬಂಡವಾಳ ಬೇಕಾಗಿಲ್ಲ.

ಒಂದೇ ಪುಸ್ತಕಕ್ಕೆ ಬೇರೆ ಒಲೆ ಹಚ್ಚಿ ಕೂರುವವರು ಯಾರು? ಅವಳ ಪುಸ್ತಕವನ್ನೂ ಹರಿಹರದ ಲಾಟಿನೊಳಗೆ ಸೇರಿಸಿದೆ. ಮೊದಲ ಕೆಲಸ ಬಿಚ್ಚುವುದು. ಹಳೆಯ ರಟ್ಟು ಕಿತ್ತು, ಬೆನ್ನಿಗೆ ಒಣಗಿದ ಸರೇಸನ್ನು ಚಾಕುವಿನಿಂದ ಕೆರೆದು, ಫಾರಂಗಳನ್ನು ಬೇರೆ ಮಾಡಬೇಕು. ಮುಂದೆ, ಹಿಂದೆ ಇರುವ ಖಾಲಿ ಹಾಳೆಗಳನ್ನು ಹರಿದು ತೆಗೆಯಬೇಕು. ಅವು ಹಳೆಯ ರಟ್ಟಿಗೆ ಅಂಟಿಕೊಂಡಿರುತ್ತವೆ, ಹೊಸ ರಟ್ಟಿಗೆ ಹೊಸ ಹಾಳೆ ಬರುತ್ತದೆ. ಬೈಂಡರನ ಲೆಕ್ಕದಲ್ಲಿ ಅಚ್ಚಾದದ್ದು ಮಾತ್ರ ಪುಟ. ನಂಬರಿಲ್ಲದ ಹಾಳೆ ಹಾಳೆಯೇ ಅಲ್ಲ. ನಾನು ಸಾವಿರಾರು ಪುಸ್ತಕಗಳನ್ನು ಪುಟಸಂಖ್ಯೆ ಹಿಡಿದು ಓದಿದ್ದೇನೆ, ಒಳಗಿನ ಕತೆ ಏನೆಂದು ಕೇಳಿದರೆ ಒಂದರದ್ದೂ ಗೊತ್ತಿಲ್ಲ.

ಹಾಗೆ ಹರಿದ ಹಾಳೆಗಳನ್ನು ಎಸೆಯುತ್ತಿರಲಿಲ್ಲ. ಹೊಲಿಗೆಯಾದ ಮೇಲೆ ಪುಸ್ತಕದ ಬೆನ್ನಿಗೆ ಸರೇಸು ಬಳಿದು ಜಾಳು ಬಟ್ಟೆ ಹಚ್ಚಬೇಕು, ಅದರ ಮೇಲೆ ಉದ್ದನೆಯ ಕಾಗದದ ಪಟ್ಟಿ ಅಂಟಿಸಬೇಕು. ಬೆನ್ನಿಗೆ ಬಲ ಬರುವುದು ಆ ಪಟ್ಟಿಯಿಂದ. ಅದಕ್ಕೆ ಹೊಸ ಕಂದು ಕಾಗದವನ್ನೇ ಬಳಸಬೇಕೆಂದು ವಾಚನಾಲಯದವರ ಕರಾರು, ಕಾಗದವನ್ನೂ ಅವರೇ ಕೊಡುತ್ತಿದ್ದರು. ನಾನು ಆ ಕಾಗದವನ್ನು ಉಳಿಸಿಕೊಂಡು, ಹರಿದ ಹಾಳೆಗಳನ್ನೇ ಉದ್ದಕ್ಕೆ ಸೀಳಿ ಬೆನ್ನಿಗೆ ಹಾಕುತ್ತಿದ್ದೆ. ಮೇಲೆ ಕ್ಯಾಲಿಕೊ ಬಟ್ಟೆಯ ರಟ್ಟು ಕೂತ ಮೇಲೆ ಒಳಗೇನಿದೆ ಎಂದು ಯಾರು ನೋಡುತ್ತಾರೆ? ಎಲ್ಲ ಬೈಂಡರುಗಳೂ ಹೀಗೆಯೇ ಮಾಡುತ್ತಿದ್ದರು ಎಂದು ಬರೆದರೆ ನನಗೆ ಸಮಾಧಾನ, ಆದರೆ ಬೇರೆಯವರ ಕೋಣೆಗೆ ನಾನು ಹೋಗಿ ನೋಡಿಲ್ಲ.

ಅಕ್ಕನ ಪುಸ್ತಕದ ಮೊದಲ ಹಾಳೆ ದಪ್ಪನೆಯದು, ಕೆನೆ ಬಣ್ಣದ್ದು. ಅದರ ಮೇಲೆ ಏನೋ ಬರೆದಿತ್ತು, ನನಗೆ ಕಂಡಿತು. ಕಾಣಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ, ಆಗುವುದಿಲ್ಲ. ಹಾಳೆಯ ಅಗಲಕ್ಕೆ ಪೆನ್ಸಿಲ್ಲಿನ ದೊಡ್ಡ ದೊಡ್ಡ ಸೊಟ್ಟ ಅಕ್ಷರ, ಅದರ ಕೆಳಗೆ ನೀಲಿ ಶಾಯಿಯ ಗೀಟು. ಯಾವುದೋ ಮಗು ಗೀಚಿದೆ ಎಂದುಕೊಂಡು ಓದುವ ಗೊಡವೆಗೂ ಹೋಗದೆ ಚರ್ರನೆ ಹರಿದೆ. ನಾಲ್ಕು ಪಟ್ಟಿಯಾಗಿ ಸೀಳಿ ರಾಶಿಗೆ ಹಾಕಿದೆ.

ಬುಧವಾರ ಎಪ್ಪತ್ತೆರಡು ಪುಸ್ತಕ ಹರಿಹರಕ್ಕೆ ಹೋದವು. ಗುರುವಾರ ಅಕ್ಕ ಬಂದಳು.

ಅವಳ ಪುಸ್ತಕಕ್ಕೆ ಕೆಂಗಂದು ಬಟ್ಟೆ ಹಾಕಿದ್ದೆ, ಬೆನ್ನ ಮೇಲೆ ಬಂಗಾರ ಬಣ್ಣದಲ್ಲಿ ಹೆಸರು ಒತ್ತಿದ್ದೆ. ಅಂಗೈಯನ್ನು ಸೀರೆಗೆ ಒರೆಸಿಕೊಂಡು ಎತ್ತಿಕೊಂಡಳು. "ಅಬ್ಬಬ್ಬ, ಮದುವಿ ಹೆಣ್ಣು ಆದಂಗಾಗೈತಲ್ರಿ," ಎಂದಳು. ರಟ್ಟು ತೆರೆದಳು. ಹೊಸ ಬಿಳಿ ಹಾಳೆ. ಅದನ್ನು ಮಗುಚಿದಳು, ಅಚ್ಚಿನ ಪುಟ ಬಂತು. ಮತ್ತೆ ಹಿಂದಕ್ಕೆ ಮಗುಚಿದಳು. ಪುಸ್ತಕದ ಕೊನೆಗೆ ಹೋಗಿ ಅಲ್ಲಿಯೂ ನೋಡಿದಳು.

"ಮುಂದಿನ ಹಾಳೆ ಎಲ್ಲೈತ್ರಿ?"

"ಯಾವ ಹಾಳೆ?"

"ಸಹಿ ಇತ್ತಲ್ರಿ, ಆ ಹಾಳೆ."

ಆ ಗಳಿಗೆಯಲ್ಲಿ "ತಪ್ಪಾಯ್ತಕ್ಕ" ಎಂದಿದ್ದರೆ ಈ ಬರಹಕ್ಕೆ ಕೆಲಸವೇ ಇರಲಿಲ್ಲ. ಆದರೆ ನಮ್ಮಪ್ಪನ ಕಾಲ, ಒಂದಕ್ಷರ, ಅದೆಲ್ಲ ಹೇಳಿಬಿಟ್ಟಿದ್ದೆನಲ್ಲ.

"ನೀವು ತಂದಾಗ ಇದ್ದಿಲ್ಲಕ್ಕ. ಅಚ್ಚಿನ ಪುಟದಿಂದಾನೇ ಶುರುವಿತ್ತು."

ಅವಳು ಜಗಳಕ್ಕೆ ನಿಂತಿದ್ದರೆ ನಾನೂ ನಿಲ್ಲುತ್ತಿದ್ದೆ, ಅದು ನನಗೆ ಬರುವ ವಿದ್ಯೆ. ಅವಳು ನಂಬಿದಳು. ಮುಖದ ಬಣ್ಣ ಇಳಿದು ಹೋಯಿತು, ಅಷ್ಟೇ. "ಹಂಗಾರ ಮನ್ಯಾಗ ಉದುರೈತೇನೋ. ನಮ್ಮ ಸೊಸಿ ಓಣಿ ಮಂದಿಗೆಲ್ಲ ಓದಾಕ ಕೊಟ್ಟಿದ್ಲು. ನೋಡ್ತೀನಿ ಬಿಡ್ರಿ. ನಿಮ್ಮನ್ನ ಕೇಳಿದ್ದಕ್ಕ ತಪ್ಪು ತಿಳೀಬ್ಯಾಡ್ರಿ ಅಣ್ಣಾರ." ನನ್ನನ್ನೇ ಕ್ಷಮೆ ಕೇಳಿ ಹೋದಳು. ಗಡಿಬಿಡಿಯಲ್ಲಿ ಊಟದ ಡಬ್ಬಿಯ ಚೀಲ ಬಿಟ್ಟು ಹೋದಳು.

ಪರದೆಯ ಆಚೆ ಹೊಲಿಗೆ ನಿಂತಿತ್ತು. "ಇತ್ತೋ ಇಲ್ಲವೋ?" ಎಂದಳು ಹೆಂಡತಿ.

"ಇತ್ತು."

"ತೋಬಾ, ತೋಬಾ. ಆ ಹೆಂಗಸು ನಿನ್ನ ಹತ್ತಿರ ತಪ್ಪಾಯಿತು ಅಂದಳಲ್ಲ, ಕೇಳಿಸಿತಾ?"

ಮರುದಿನ ಡಬ್ಬಿ ಚೀಲ ಕೊಡುವ ನೆಪದಲ್ಲಿ ಅವಳೇ ಆನೆಕೊಂಡಕ್ಕೆ ಹೋಗಿ ಬಂದಳು. ಬಂದವಳು ಬುರ್ಖಾ ತೆಗೆಯುವುದಕ್ಕೂ ಮೊದಲು ವರದಿ ಒಪ್ಪಿಸಿದಳು. ಅಕ್ಕನ ಮನೆಯ ಟ್ರಂಕು, ಹಾಸಿಗೆ, ಜೋಳದ ಚೀಲ ಎಲ್ಲ ಹೊರಗೆ ಬಂದಿವೆ. ಸಿಗದೇ ಇದ್ದಾಗ ಸಿಟ್ಟು ಸೊಸೆಯ ಮೇಲೆ ತಿರುಗಿದೆ. ನೀನೇ ಯಾರಿಗೋ ಕೊಟ್ಟೆ, ಯಾವುದೋ ಮಗುವಿನ ಕೈಗೆ ಹರಿಯಲು ಕೊಟ್ಟೆ ಎಂದು ಓಣಿಯ ನಲ್ಲಿಯ ಮುಂದೆ ನಿಲ್ಲಿಸಿ ಬೈದಿದ್ದಾಳೆ. ಸೊಸೆ ದೀಪ ಮುಟ್ಟಿ ಆಣೆ ಮಾಡಿದರೂ ನಂಬಿಲ್ಲ. ಸೊಸೆಯ ತವರು ಕೊಂಡಜ್ಜಿ. ಭಾನುವಾರ ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆಂದು ಬಟ್ಟೆ ಗಂಟು ಕಟ್ಟಿಟ್ಟಿದ್ದಾಳೆ.

"ನಾನು ಬಾಯಿ ಮುಚ್ಚಿಕೊಂಡು ಚಹಾ ಕುಡಿದು ಬಂದೆ," ಎಂದಳು ಹೆಂಡತಿ. "ನಿನ್ನ ಸುಳ್ಳಿಗೆ ಈಗ ನಾನೂ ಪಾಲುದಾರಳು. ಏನು ಮಾಡುತ್ತೀಯೋ ಮಾಡು. ಮಾಡುವ ತನಕ ನನಗೆ ಸೂಜಿ ಹಿಡಿಯಲು ಮನಸ್ಸಿಲ್ಲ."

ಬೈಂಡರನ ಬುದ್ಧಿ ಬೈಂಡರನ ದಾರಿಯಲ್ಲೇ ಹೋಗುತ್ತದೆ. ಹಾಳೆ ಹೋದರೆ ಹಾಳೆ ಹಾಕಿದರಾಯಿತು ಎಂದು ಲೆಕ್ಕ ಹಾಕಿದೆ. ಸಹಿ ಎಂದರೆ ಪುಸ್ತಕ ಬರೆದವರದೇ ಇರಬೇಕು, ಆ ಲೇಖಕರೇ ಊರಿಗೆ ಬರುತ್ತಿದ್ದಾರೆ. ಅದೇ ದಪ್ಪದ, ಅದೇ ಬಣ್ಣದ ಒಂದು ಹಾಳೆ ಹುಡುಕಿ ಅದರ ಮೇಲೆ ಅವರಿಂದ ಸಹಿ ಹಾಕಿಸುವುದು. ಲಾಟಿನ ಕೆಳಗೆ ಸಿಕ್ಕಿತು ಎಂದು ಅಕ್ಕನಿಗೆ ಕೊಡುವುದು. ಸೊಸೆಯೂ ಉಳಿದಳು, ನನ್ನ ಮರ್ಯಾದೆಯೂ ಉಳಿಯಿತು. ಇಷ್ಟು ಚೆಂದದ ಉಪಾಯ ಹೊಳೆದಿದ್ದಕ್ಕೆ ಆ ಶುಕ್ರವಾರ ಸಂಜೆ ನನಗೆ ಒಂದು ರೀತಿಯ ಖುಷಿಯೂ ಆಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಲೇಖಕರು ಒಂದು ದಿನ ಮೊದಲೇ ಬಂದಿದ್ದರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವರು ಇಳಿದಿದ್ದ ಪ್ರವಾಸಿ ಮಂದಿರಕ್ಕೆ ಹೋದೆ. ಆ ಲೇಖಕರ ಹೆಸರನ್ನು ಎಷ್ಟೋ ಪುಸ್ತಕಗಳ ಬೆನ್ನಿಗೆ ಕಾಯಿಸಿದ ಅಚ್ಚಿನಲ್ಲಿ ಒತ್ತಿದವನು ನಾನು. ಮನುಷ್ಯನನ್ನು ನೋಡಿದ್ದು ಅದೇ ಮೊದಲು. ಏನೋ ಎತ್ತರದ ಆಳು, ಗಂಭೀರ ದನಿ ಎಂದೆಲ್ಲ ಅಂದುಕೊಂಡಿದ್ದೆ. ಬನಿಯನ್ನಿನಲ್ಲಿ ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ, ಪೇಪರಿನ ಮೇಲೆ ಹರಡಿದ ಮಂಡಕ್ಕಿ ಮೆಲ್ಲುತ್ತಿದ್ದ ಸಣಕಲು ಮನುಷ್ಯ. "ಬನ್ನಿ, ತಗೊಳ್ಳಿ, ನಿಮ್ಮೂರ ಮೆಣಸಿನಕಾಯಿ ನನ್ನ ಕೊಲ್ತಿದೆ," ಎಂದು ಮೂಗು ಒರೆಸಿಕೊಂಡರು.

"ಒಂದು ಸಹಿ ಬೇಕಿತ್ರಿ."

"ಅದಕ್ಕೇನು? ಪುಸ್ತಕ ಕೊಡಿ."

"ಪುಸ್ತಕ ತಂದಿಲ್ರಿ. ಈ ಹಾಳೆ ಮ್ಯಾಲೆ ಹಾಕ್ರಿ, ಆಮ್ಯಾಲೆ ನಾನು ಅಂಟಿಸ್ಕಂತೀನಿ. ತಾರೀಖು ಮಾತ್ರ ಮೂರು ವರ್ಷದ ಹಿಂದಿಂದು ಹಾಕ್ರಿ."

ಅವರು ಮೆಲ್ಲುವುದನ್ನು ನಿಲ್ಲಿಸಿದರು. "ಖಾಲಿ ಕಾಗದ, ಹಳೇ ತಾರೀಖು. ಏನಪ್ಪಾ, ನನ್ನಿಂದ ಮನೆ ಬರೆಸ್ಕೊಳ್ಳೋಕೆ ಬಂದಿದ್ದೀಯಾ? ನಂದು ಬಾಡಿಗೆ ಮನೆ."

ನಗಲು ಹೋದೆ, ಆಗಲಿಲ್ಲ. ಮಿಲ್ಲಿನ ಅಕ್ಕ, ಪುಸ್ತಕ, ಹರಿದ ಹಾಳೆ ಎಂದು ಅರ್ಧ ನುಂಗಿ ಅರ್ಧ ಹೇಳಿದೆ. ಮಿಲ್ಲು ಎಂದ ಕೂಡಲೇ ಅವರು ನೆಟ್ಟಗೆ ಕೂತರು.

"ಮಿಲ್ಲಿನವರ ವಯಸ್ಕರ ಸಂಜೆ ಶಾಲೆ. ಕೊನೇ ದಿನದ ಸಮಾರಂಭಕ್ಕೆ ನನ್ನ ಕರೆದಿದ್ರು. ಎಲ್ಲರಿಗಿಂತ ಮೊದಲು ಓದೋದು ಕಲಿತವಳು ಅಂತ ಆ ಹೆಣ್ಣುಮಗಳಿಗೆ ನನ್ನ ಪುಸ್ತಕ ಕೊಡಿಸಿದ್ರು. ಸಹಿ ಹಾಕಿ ಕೊಡಿ ಅಂದ್ರು. ನಾನಂದೆ, ಪುಸ್ತಕ ಯಾರದ್ದೋ ಅವರ ಹೆಸರು ಮೊದಲು ಬರಲಿ, ಅವರ ಕೈಯಿಂದಲೇ ಬರಲಿ ಅಂತ. ಅಷ್ಟು ವರ್ಷ ಸಂಬಳಕ್ಕೆ ಹೆಬ್ಬೆಟ್ಟು ಒತ್ತಿದವಳು. ನಾಲ್ಕು ಅಕ್ಷರ ಬರೆಯೋಕೆ ಐದು ನಿಮಿಷ. ಇಡೀ ಸಭೆ ಉಸಿರು ಬಿಗಿ ಹಿಡಿದು ಕೂತಿತ್ತು. ಮುಗಿದಾಗ ಬಿದ್ದ ಚಪ್ಪಾಳೆ ನನ್ನ ಭಾಷಣಕ್ಕೆ ಇವತ್ತಿಗೂ ಬಿದ್ದಿಲ್ಲ. ನಾನು ಕೆಳಗೆ ಸಾಕ್ಷಿಗೆ ಅಂತ ಒಂದು ಸಹಿ ಗೀಚಿದೆ." ಪೆನ್ನಿನ ಮುಚ್ಚಳ ತೆಗೆದಿದ್ದರು, ಅದನ್ನು ಮತ್ತೆ ಹಾಕಿದರು. "ನೀನು ಓದಲಿಲ್ವಾ?"

"ಇಲ್ರಿ. ಮಕ್ಕಳು ಗೀಚ್ಯಾರೆ ಅಂದ್ಕಂಡೆ."

"ನನ್ನ ಸಹಿ ಎಲ್ಲಿ ಬೇಕಾದ್ರೂ ಸಿಗುತ್ತೆ, ಮಾರಾಯ. ಈಗ ಬೇಕಿದ್ರೆ ಹತ್ತು ಹಾಕ್ತೀನಿ. ಅವಳ ಮೊದಲನೇ ಸಹಿ ಇದ್ದದ್ದು ಒಂದೇ ಕಡೆ. ಅದನ್ನ ನಾನೆಲ್ಲಿಂದ ತರಲಿ?" ಮಂಡಕ್ಕಿಯ ಪೇಪರನ್ನು ಪಕ್ಕಕ್ಕೆ ಸರಿಸಿ, "ಹರಿದದ್ದನ್ನ ಏನು ಮಾಡಿದೆ? ಒಲೆಗೆ ಹಾಕಿದೆಯಾ?" ಎಂದರು.

"ಇಲ್ರಿ. ಯಾವುದೋ ಪುಸ್ತಕದ ಬೆನ್ನಾಗೈತೆ. ಹರಿಹರದಾಗ."

"ಹಾಗಾದ್ರೆ ಇದೆ!" ಎಂದರು. ಖಾಲಿ ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ಹರಿಹರದ ಎರಡು ಬಸ್ಸು ಬಿಟ್ಟೆ. ಹೋಗಿ ಏನೆಂದು ಹೇಳುವುದು? ಬೆನ್ನು ಬಿಚ್ಚಿದರೆ ಕಂದು ಕಾಗದದ ಕಳ್ಳತನ ಹೊರಬೀಳುತ್ತದೆ. ವರ್ಷಕ್ಕೆ ಎರಡು ಲಾಟ್ ಕೊಡುವ ಗಿರಾಕಿ, ನಮ್ಮ ಮನೆಯ ಒಲೆ ಅರ್ಧ ಉರಿಯುತ್ತಿದ್ದದ್ದೇ ಅದರಿಂದ. ಲೇಖಕರ ಹತ್ತಿರ ಬಲವಂತ ಮಾಡಿ ಒಂದು ಸಹಿ ತಂದಿದ್ದರೆ ಸಾಕಿತ್ತೇನೋ, ಅಕ್ಕನಿಗೆ ಅಷ್ಟೇ ಸಿಕ್ಕಿತು ಎಂದು ಹೇಳಬಹುದಿತ್ತೇನೋ ಎಂದು ಮನಸ್ಸು ಇನ್ನೂ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು. ನನ್ನ ಅಮ್ಮ ಸಾಯುವ ತನಕ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದವಳು. ಒತ್ತಿದ ಮೇಲೆ ಬೆರಳನ್ನು ಗೋಡೆಗೆ ಒರೆಸುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅದು ನೆನಪಾಯಿತು. ಲಾಟ್ ಹೋದರೆ ಹೋಗಲಿ ಎಂದು ಮೂರನೆಯ ಬಸ್ಸು ಹತ್ತಿದೆ.

ವಾಚನಾಲಯದ ಗ್ರಂಥಪಾಲಕರು ನಶ್ಯ ಏರಿಸುವ ಮುದುಕರು, ಕಟ್ಟುನಿಟ್ಟಿನವರು. ಹೊಸ ಬೈಂಡಿನ ಪುಸ್ತಕಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದರು. ಪುಣ್ಯಕ್ಕೆ ಒಂದೂ ಓದುಗರ ಕೈಗೆ ಹೋಗಿರಲಿಲ್ಲ.

"ಬುಧವಾರ ಕಟ್ಟಿ ತಂದು ಶನಿವಾರ ಹರೀತೀನಿ ಅಂತೀಯಲ್ಲೋ, ನಿನಗೇನು ತಲಿ ಕೆಟ್ಟೈತಾ?" ಎಂದರು.

ಎಲ್ಲವನ್ನೂ ಹೇಳಿದೆ. ಕಂದು ಕಾಗದದ ವಿಷಯವನ್ನೂ ಹೇಳಿದೆ. ಅವರು ನಶ್ಯದ ಡಬ್ಬಿಯನ್ನು ಮುಚ್ಚಿ ಮೇಜಿನ ಮೇಲಿಟ್ಟರು. "ಎಷ್ಟು ವರ್ಷದಿಂದ?"

"ಶುರುವಿಂದಾನೂ ರಿ."

"ಆತು. ಅದನ್ನ ಆಮ್ಯಾಲೆ ಮಾತಾಡೋಣ," ಎಂದರು. ಆಮೇಲೆ ಮಾತಾಡುವ ಪ್ರಮೇಯ ಬರಲಿಲ್ಲ, ಮುಂದಿನ ಲಾಟ್ ನನಗೆ ಬರಲಿಲ್ಲ ಅಷ್ಟೇ. ಅದಕ್ಕೆ ಅವರನ್ನು ದೂರುವುದಿಲ್ಲ. ಅಂದು ಮಾತ್ರ ಮೇಜಿನ ಡ್ರಾಯರಿನಿಂದ ಬ್ಯಾಟರಿ ತೆಗೆದು ನನ್ನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು. "ಏಳು ಗಂಟೆಗೆ ಬಾಗಿಲು ಹಾಕ್ತೀನಿ. ಬಿಚ್ಚಿದ್ದನ್ನೆಲ್ಲ ನೀನೇ ಮತ್ತೆ ಕಟ್ಟಿಕೊಡಬೇಕು."

ಬಟ್ಟೆ ರಟ್ಟಿನ ಪುಸ್ತಕವನ್ನು ಪೂರ್ತಿ ಅಗಲಿಸಿ ಹಿಡಿದರೆ ರಟ್ಟಿನ ಬೆನ್ನು ಹಾಳೆಗಳ ಬೆನ್ನಿನಿಂದ ದೂರ ಸರಿದು ನಡುವೆ ಕೊಳವೆಯಂಥ ಪೊಳ್ಳು ಬೀಳುತ್ತದೆ. ಅದರೊಳಗೆ ಬೆಳಕು ಬಿಟ್ಟರೆ ಒಳಗಿನ ಪಟ್ಟಿಯ ಬಣ್ಣ ಕಾಣುತ್ತದೆ. ಬರೆದ ಮೈಯನ್ನು ಒಳಗೆ ಮಾಡಿ ಅಂಟಿಸುವುದು ನನ್ನ ಅಭ್ಯಾಸ, ಹಾಗಾಗಿ ಅಕ್ಷರ ಕಾಣುವ ಹಾಗಿಲ್ಲ, ಕೆನೆ ಬಣ್ಣವನ್ನೇ ನಂಬಬೇಕು. ನಾನು ಪುಸ್ತಕ ಅಗಲಿಸುವುದು, ಮುದುಕರು ಬ್ಯಾಟರಿ ಬಿಡುವುದು. ಬಿಳಿ, ಬಿಳಿ, ನೀಲಿ ಗೆರೆಯ ಕಾಗದ, ಬಿಳಿ. "ನಿನ್ನ ಬಂಡವಾಳ ಎಲ್ಲ ಹೊರಗೆ ಬಿತ್ತಲ್ಲೋ," ಎನ್ನುತ್ತಿದ್ದರು. ಎಪ್ಪತ್ತೆರಡೂ ಮುಗಿಯುವ ಹೊತ್ತಿಗೆ ಕೆನೆ ಬಣ್ಣದವು ಏಳು ಸಿಕ್ಕವು.

ರಟ್ಟು ಮಡಿಯುವ ಕಡೆ ಬಟ್ಟೆಯನ್ನು ಚಾಕುವಿನಿಂದ ಗೀರಿ, ಬೆನ್ನಿನ ಭಾಗ ಮೇಲೆತ್ತಿ, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಪಟ್ಟಿಯ ಮೇಲೆ ಇಡಬೇಕು. ಸರೇಸು ಮೆತ್ತಗಾಗಲು ಸುಮಾರು ಹತ್ತು ನಿಮಿಷ. ಕಡಿಮೆಯಾದರೆ ಪಟ್ಟಿ ಏಳುವುದಿಲ್ಲ, ಹೆಚ್ಚಾದರೆ ಕಾಗದ ಅಂಬಲಿಯಾಗುತ್ತದೆ. ಆಮೇಲೆ ಕಾಗದ ಮಡಿಸಲು ಬಳಸುವ ಚಪ್ಪಟೆ ಮೂಳೆಯನ್ನು ಪಟ್ಟಿಯ ಅಡಿಗೆ ತೂರಿಸಿ ಒಂದೊಂದೇ ಬೆರಳಗಲ ಬಿಡಿಸಬೇಕು. ಬಿಸ್ಮಿಲ್ಲಾ ಹೇಳಿ ಮೊದಲನೆಯದಕ್ಕೆ ಕೈ ಹಾಕಿದೆ. ಅದು ಇನ್ಯಾವುದೋ ಪುಸ್ತಕದ ಹಾಳೆ. ಎರಡನೆಯದೂ ಹಾಗೆಯೇ. ಮೂರನೆಯದನ್ನು ಬಿಡಿಸಿ ಮಗುಚಿದಾಗ ಪೆನ್ಸಿಲ್ಲಿನ ಒಂದು ಅಕ್ಷರ, ಬಟ್ಟಲಿನಷ್ಟು ದೊಡ್ಡದು. ಒತ್ತಿ ಒತ್ತಿ ಬರೆದದ್ದಕ್ಕೆ ಕಾಗದದಲ್ಲಿ ಗುಳಿ ಬಿದ್ದಿತ್ತು. ಅದರ ಕೆಳಗೆ ಇದ್ದ ಲೇಖಕರ ಸಹಿ ನನ್ನ ಬಿಸಿ ಸರೇಸಿಗೆ ಆವತ್ತೇ ಕರಗಿ ನೀಲಿ ಮಬ್ಬಾಗಿತ್ತು.

ಮುದುಕರು ಕನ್ನಡಕ ಏರಿಸಿ ನೋಡಿದರು. ಬೈಯಲಿಲ್ಲ. ಎದ್ದು ಹೋಗಿ ಇನ್ನೊಂದು ಚೊಂಬು ಬಿಸಿನೀರು ತಂದರು.

ನಾಲ್ಕನೆಯ, ಐದನೆಯ ಪುಸ್ತಕದಲ್ಲಿ ಒಂದೊಂದು ಅಕ್ಷರ. ಆರನೆಯದರಲ್ಲಿ ಏನೂ ಇರಲಿಲ್ಲ. ಏಳನೆಯದಕ್ಕೆ ಬರುವಾಗ ಆರೂ ಮುಕ್ಕಾಲು. ಹೊರಗೆ ಜವಾನ ಕಿಟಕಿ ಹಾಕುತ್ತಿದ್ದ. ಬೇಗ ಮೆತ್ತಗಾಗಲಿ ಎಂದು ಬಟ್ಟೆಯನ್ನು ಸರಿಯಾಗಿ ಹಿಂಡದೆ ಇಟ್ಟೆ. ಕೊನೆಯದು ಎಂಬ ಆತುರ. ಮೂಳೆ ತೂರಿಸಿದಾಗ ಪಟ್ಟಿ ಎದ್ದು ಬರಲಿಲ್ಲ, ಉಂಡೆಯುಂಡೆಯಾಗಿ ಬಂತು. ಬೆರಳಿಗೆ ಅಂಟಿದ ಆ ಬೂದು ಮುದ್ದೆಯೊಳಗೆ ನಾಲ್ಕನೆಯ ಅಕ್ಷರ ಇತ್ತು. ಒಂದೇ ಹಾಳೆಯನ್ನು ಎರಡು ಸಲ ಹಾಳು ಮಾಡಿದೆ. ಮೊದಲನೆಯ ಸಲ ನೋಡದೆ, ಈ ಸಲ ನೋಡಿಕೊಂಡು.

ಭಾನುವಾರ ಬೆಳಿಗ್ಗೆ, ಲೇಖಕರ ಹತ್ತಿರ ಒಯ್ದಿದ್ದ ಅದೇ ಖಾಲಿ ಹಾಳೆಯ ಮೇಲೆ ಮೂರು ಪಟ್ಟಿಗಳನ್ನು ಗೋಧಿಹಿಟ್ಟಿನ ಅಂಟಿನಿಂದ ಕೂಡಿಸಿದೆ. ನಾಲ್ಕನೆಯದರ ಜಾಗ ಖಾಲಿ ಬಿಟ್ಟೆ. "ಅದನ್ನು ನೀನೇ ಬರೆದು ತುಂಬಿಸಬೇಡ ಮತ್ತೆ," ಎಂದಳು ಹೆಂಡತಿ. ಅಷ್ಟು ಚೆನ್ನಾಗಿ ನನ್ನನ್ನು ಬಲ್ಲವಳು.

ಆನೆಕೊಂಡಕ್ಕೆ ಹೋದಾಗ ಅಕ್ಕ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಸೊಸೆ ಹೊಸ್ತಿಲ ಒಳಗೆ, ಬಟ್ಟೆಗಂಟಿನ ಪಕ್ಕ ಕೂತಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಅತ್ತು ಅತ್ತು ಕಣ್ಣು ಊದಿದ್ದವು. ನಾನು ಕೂರಲಿಲ್ಲ.

"ಅಕ್ಕ, ಹಾಳೆ ಇತ್ತು. ನಾನೇ ಹರಿದಿದ್ದು. ಇದ್ದಿಲ್ಲ ಅಂದಿದ್ದು ಸುಳ್ಳು. ನಿಮ್ಮ ಸೊಸಿದು ಏನೂ ತಪ್ಪಿಲ್ಲ," ಎಂದು ಒಂದೇ ಉಸಿರಿಗೆ ಹೇಳಿ ಹಾಳೆ ಮುಂದೆ ಹಿಡಿದೆ.

ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಬೆರಳು ಒಂದನೆಯ ಅಕ್ಷರದ ಮೇಲೆ ಹೋಯಿತು, ಎರಡನೆಯದು, ಮೂರನೆಯದು. ಖಾಲಿ ಜಾಗಕ್ಕೆ ಬಂದು ನಿಂತಿತು.

"ಇದು?"

"ಬಿಡಿಸುವಾಗ ನನ್ನ ಕೈಯಾಗ ಹೋತು."

"ಅವತ್ತು ಇದನ್ನ ಬರೆಯೋವಾಗ ಪೆನ್ಸಿಲ್ ಮುರಿದಿತ್ತು ಗೊತ್ತೇನ್ರಿ? ಮುರಿದಿದ್ದರಾಗೇ ಬರೆದೆ," ಎಂದಳು. "ಈಗ ಕಣ್ಣು ಮುಚ್ಚಿ ಬರೀತೀನಿ ನನ್ನ ಹೆಸರ. ಅವತ್ತು ಬರೆಯಾಕ ಬರ್ತಿದ್ದಿಲ್ಲ, ಬರೆದಿದ್ದೆ."

ತಲೆ ತಗ್ಗಿಸಿ ನಿಂತೆ. ಅವಳು ಒಳಗೆ ನೋಡಿದಳು, ಸೊಸೆ ಎದ್ದು ನಿಂತಿದ್ದಳು.

"ಹಾಳೆ ಹರಿದಿದ್ದು ಕೈ ತಪ್ಪು. ಅದಕ್ಕ ನಾನೇನೂ ಅನ್ನಂಗಿಲ್ಲ. ಎರಡು ದಿನ ಈಕಿನ್ನ ನಾಯಿಗೆ ಬೈದಂಗ ಬೈದೀನಿ, ಓಣಿ ಮಂದಿ ಮುಂದ ಬೈದೀನಿ. ಅದನ್ನ ಯಾವ ಅಂಟು ಹಚ್ಚಿ ಅಂಟಿಸ್ತೀರಿ ಅಣ್ಣಾರ? ಹೇಳ್ರಿ."

ಪುಸ್ತಕ ತರಿಸಿದಳು. ನಾನು ಜಗುಲಿಯ ಮೇಲೆ ಕೂತು, ತಂದಿದ್ದ ಅಂಟಿನಿಂದ ಆ ಹಾಳೆಯನ್ನು ಅಚ್ಚಿನ ಮೊದಲ ಪುಟದ ಮುಂದೆ ಕೂಡಿಸಿದೆ. ಕೆಲಸ ಮಾಡುವಾಗ ಇಬ್ಬರೂ ನನ್ನ ಕೈಯನ್ನೇ ನೋಡುತ್ತಿದ್ದರು. ಅಷ್ಟು ಸಣ್ಣ ಅಂಟಿಸುವ ಕೆಲಸಕ್ಕೆ ನನಗೆ ಅಷ್ಟು ಹೊತ್ತು ಹಿಡಿದದ್ದು ಎಂದೂ ಇಲ್ಲ. ಮುಗಿಸಿ ಕೊಡಲು ಹೋದರೆ ಅವಳು ತೆಗೆದುಕೊಳ್ಳಲಿಲ್ಲ. ಒಂದು ಪೆನ್ಸಿಲ್ ಮುಂದೆ ಹಿಡಿದಳು.

"ಕೆಳಗ ಜಾಗ ಐತಲ್ಲ. ಬರೀರಿ."

"ಏನಂತ?"

"ಏನಾತೋ ಅದನ್ನ."

'ಈ ಹಾಳೆಯನ್ನು ಹರಿದವನು ನಾನು' ಎಂದು ಬರೆದೆ. ಅವಳು ಪುಸ್ತಕ ತೆಗೆದುಕೊಂಡು ತುಟಿ ಅಲುಗಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮತ್ತೆ ನನ್ನ ಮುಂದಿಟ್ಟಳು. "ಇನ್ನೊಂದು ಉಳೀತಲ್ರಿ."

ಬರೆದೆ. 'ಹಾಳೆ ಇರಲಿಲ್ಲ ಎಂದು ಸುಳ್ಳು ಹೇಳಿದವನೂ ನಾನೇ.' ಬೈಂಡರನ ಕೈ, ಕೂದಲಗಲ ತಪ್ಪದೆ ಬಟ್ಟೆ ಕತ್ತರಿಸುವ ಕೈ. ಆ ಎರಡು ಸಾಲು ಏರುಪೇರಾಗಿ ಕೂತವು.

ಅಕ್ಕ ಪುಸ್ತಕವನ್ನು ಸೊಸೆಗೆ ಕೊಟ್ಟಳು. "ಓದವ್ವ. ಗಟ್ಟಿಯಾಗಿ ಓದು, ಓಣಿಗೆಲ್ಲ ಕೇಳ್ಲಿ. ಆಮ್ಯಾಲೆ ಹೋಗಾದೋ ಇರಾದೋ ನಿನ್ನಿಷ್ಟ."

ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ತಿರುಗಿ ನೋಡಿದರು. ಸೊಸೆ ಎರಡೂ ಸಾಲನ್ನು ಓದಿದಳು. ಮೊದಲ ಸಲ ದನಿ ಏಳಲಿಲ್ಲ. ಕಟ್ಟೆಯ ಅಂಚಿಗೆ ಬಂದು ನಿಂತು ಎರಡನೆಯ ಸಲ ಓದಿದಳು, ಸ್ಪಷ್ಟವಾಗಿ, ಎಲ್ಲಿಯೂ ತಡವರಿಸದೆ. ಓದಿ ಮುಗಿಸಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

"ಸಹಿ ಹಾಕಿಲ್ರಿ ನೀವು," ಎಂದಳು.

ಹಾಕಿದೆ.